ಆಳುವವರಿಲ್ಲದ ನಾಡಿನಲ್ಲಿ ಮೊಬೈಲ್ ಕಂಪನಿಗಳು ಹಣ ಹೂಡುವುದೇಕೆ?

ಸಪ್ತಾಪುರದ ನಿವೃತ್ತ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮೂವತ್ತು ವರ್ಷ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷಗಳಿಂದ ಮೊಬೈಲ್ ಟವರ್‌ಗಳ ನಿರ್ವಹಣೆಯ ಕೆಲಸದಲ್ಲಿದ್ದಾನೆ. ಅವನಿಗೆ ಈಗ ಒಬ್ಬ ಗುತ್ತಿಗೆದಾರರ ಮೂಲಕ ಕಾಂಗೊ ದೇಶದಲ್ಲಿ, ಅಂದರೆ ಕಿನ್ಶಾಸಾ ರಾಜಧಾನಿಯಾಗಿರುವ ದೊಡ್ಡ ಕಾಂಗೊದಲ್ಲಿ, ಕೆಲಸದ ಕರೆ ಬಂದಿದೆ. ಸಂಬಳ ಇಲ್ಲಿಯದರ ಮೂರು ಪಟ್ಟು. 2025ರ ಜನವರಿಯಲ್ಲಿ ಆ ದೇಶದ ಪೂರ್ವ ಭಾಗದ ಗೋಮಾ ನಗರ ಎಂ23 ಬಂಡುಕೋರರ ಕೈಸೇರಿದ ಸುದ್ದಿಯನ್ನು ಅಕ್ಕ ಟಿವಿಯಲ್ಲಿ ನೋಡಿದ್ದಾಳೆ. "ಗುಂಡು ಹಾರೋ ಊರಿಗೆ ಮಗನ್ನ ಕಳಸ್ಲೇನು?" ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಳಿಯ ಉತ್ತರ ಕೊಟ್ಟ: "ಮಾಮಾ, ಕಂಪನಿಯವರು ಸಾವಿರಾರು ಕೋಟಿ ರೊಕ್ಕ ಅಲ್ಲೇ ಹಾಕ್ಯಾರ. ಅವರಿಗಿಲ್ಲದ ಅಂಜಿಕಿ ನಮಗ್ಯಾಕ?"

ಆ ಮಾತಿಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಕಾನೂನು ಗಟ್ಟಿಯಾಗಿರುವ, ನ್ಯಾಯಾಲಯ ಸರಿಯಾಗಿ ನಡೆಯುವ, ನಾಣ್ಯದ ಬೆಲೆ ಅಲುಗಾಡದ ಕಡೆಗೆ ಮಾತ್ರ ಬಂಡವಾಳ ಹರಿಯುತ್ತದೆ ಎಂದು ನಾನು ತರಗತಿಯಲ್ಲಿ ಕಲಿಸುತ್ತ ಬಂದವನು. ಆದರೆ ಇತಿಹಾಸವನ್ನು ತೆರೆದು ನೋಡಿದರೆ ಬೇರೆಯದೇ ಕಾಣುತ್ತದೆ. ಸುಡಾನ್ ಮೂಲದ ಎಂಜಿನಿಯರ್ ಮೊ ಇಬ್ರಾಹಿಂ 1998ರಲ್ಲಿ ಆಫ್ರಿಕಾಕ್ಕೆಂದೇ ಕಟ್ಟಿದ ಸೆಲ್‌ಟೆಲ್ ಕಂಪನಿ, ಕಾಂಗೊದಲ್ಲಿ ಯುದ್ಧ ಉರಿಯುತ್ತಿದ್ದಾಗಲೇ ಅಲ್ಲಿಗೆ ಕಾಲಿಟ್ಟಿತು. 2005ರಲ್ಲಿ ಕುವೈತಿನವರು ಅದನ್ನು 340 ಕೋಟಿ ಡಾಲರಿಗೆ ಕೊಂಡು ಮುಂದೆ ಝೈನ್ ಎಂದು ಹೆಸರಿಟ್ಟರು. 2010ರಲ್ಲಿ ಝೈನ್‌ನ ಆಫ್ರಿಕಾ ವ್ಯವಹಾರವನ್ನು 1,070 ಕೋಟಿ ಡಾಲರಿನ ಒಪ್ಪಂದದಲ್ಲಿ ಕೊಂಡದ್ದು ನಮ್ಮ ಭಾರ್ತಿ ಏರ್‌ಟೆಲ್. ಕೊಪ್ಪಿಕರ್ ರಸ್ತೆಯ ಅಂಗಡಿಗಳ ಮೇಲೆ ಕಾಣುವ ಅದೇ ಕೆಂಪು ಫಲಕ ಇಂದು ಕಾಂಗೊ, ಚಾಡ್, ನೈಜರ್, ನೈಜೀರಿಯಾ ಸೇರಿ ಆಫ್ರಿಕಾದ 14 ದೇಶಗಳಲ್ಲಿ ತೂಗಾಡುತ್ತಿದೆ.

ಹಾಗಾದರೆ ನಾನು ಕಲಿಸಿದ್ದು ತಪ್ಪೋ, ಈ ವ್ಯಾಪಾರದ ಲೆಕ್ಕವೇ ಬೇರೆಯೋ? ಮತ್ತು ಅಳಿಯನ ತರ್ಕ ಸರಿಯೋ? ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಗೋಕುಲ ರೋಡ್

ಸರ್, ಇದರಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ? ಪೈಪೋಟಿ ಇಲ್ಲದ ಕಡೆ ಲಾಭ ಹೆಚ್ಚು. ಹೆದರುವವರು ಮನೆಯಲ್ಲಿ ಕೂರುತ್ತಾರೆ, ಹೆದರದವರು ಗಳಿಸುತ್ತಾರೆ. ಹುಡುಗನನ್ನು ಕಳಿಸಿಕೊಡಿ.

ಗದಗ ಲೆಕ್ಕಪತ್ರ

ಗೋಕುಲ ರೋಡಿನ ಸಹೋದರರ ಉತ್ತರ ಅರ್ಧ ಸರಿ, ಆದರೆ ಅಷ್ಟಕ್ಕೇ ನಿಂತರೆ ಸಕ್ಕರೆ ಕಾರ್ಖಾನೆಯವರೂ ರೈಲ್ವೆಯವರೂ ಕಾಂಗೊಕ್ಕೆ ಏಕೆ ಅದೇ ಹುರುಪಿನಿಂದ ಓಡಲಿಲ್ಲ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ನಾನು ಗದಗಿನಲ್ಲಿ ಲೆಕ್ಕಪರಿಶೋಧಕಿಯಾಗಿದ್ದೇನೆ. ದೂರಸಂಪರ್ಕ ಕಂಪನಿಗಳ ವಾರ್ಷಿಕ ವರದಿ ಓದುವುದು ನನ್ನ ಹವ್ಯಾಸ. (ಮನೆಯವರು ಇದನ್ನು ರೋಗ ಎನ್ನುತ್ತಾರೆ.)

ಸರ್, ನಿಮ್ಮ ಪಾಠ ಅಣೆಕಟ್ಟಿಗೆ, ಗಣಿಗೆ, ವಿದ್ಯುತ್ ಸ್ಥಾವರಕ್ಕೆ ಚೆನ್ನಾಗಿ ಹೊಂದುತ್ತದೆ. ಅಣೆಕಟ್ಟಿಗೆ ಎಂಟು ಹತ್ತು ವರ್ಷ ಹಣ ಸುರಿದ ಮೇಲೆ ಮೊದಲ ರೂಪಾಯಿ ಹುಟ್ಟುತ್ತದೆ, ಅಷ್ಟರೊಳಗೆ ಸರ್ಕಾರವೇ ಎರಡು ಸಲ ಬದಲಾಗಿರುತ್ತದೆ. ಮೊಬೈಲ್ ಜಾಲ ಹಾಗಲ್ಲ. ರಾಜಧಾನಿಯಲ್ಲಿ ಹತ್ತಾರು ಟವರ್ ನಿಲ್ಲಿಸಿದರೆ ಸಾಕು, ಅದೇ ತಿಂಗಳು ಹಣ ಬರಲು ಶುರುವಾಗುತ್ತದೆ, ಆ ಹಣದಿಂದಲೇ ಪಕ್ಕದ ಪಟ್ಟಣಕ್ಕೆ ಹೋಗಬಹುದು. ಒಂದು ಟವರ್ ಸುಟ್ಟರೆ ಒಂದು ಟವರ್ ಹೋಯಿತು. ಅಣೆಕಟ್ಟಿನಂತೆ ಒಂದೇ ಏಟಿಗೆ ಇಡೀ ಬಂಡವಾಳ ಮುಳುಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಪ್ರಿಪೇಡ್ ಪದ್ಧತಿ. ನಮ್ಮ ಖಾನಾವಳಿಗಳಲ್ಲಿ ಮೊದಲು ಕೂಪನ್ ತೆಗೆದುಕೊಂಡು ಆಮೇಲೆ ರೊಟ್ಟಿ ಊಟಕ್ಕೆ ಕೂರುವುದಿಲ್ಲವೇ, ಹಾಗೆ. ಗಿರಾಕಿ ಮೊದಲು ಹಣ ಕೊಟ್ಟು ಆಮೇಲೆ ಮಾತನಾಡುತ್ತಾನೆ. ಮನೆ ವಿಳಾಸ ಹುಡುಕಿ ಬಿಲ್ ಕಳಿಸಬೇಕಾಗಿಲ್ಲ, ಬಾಕಿ ಉಳಿಸಿಕೊಂಡವನ ಮೇಲೆ ದಾವೆ ಹಾಕಬೇಕಾಗಿಲ್ಲ. ಸಾಲ ವಸೂಲಿ ಮಾಡಿಕೊಡುವ ನ್ಯಾಯಾಲಯವೇ ಇಲ್ಲದ ದೇಶದಲ್ಲಿ ಸಾಲವೇ ಹುಟ್ಟದಂಥ ವ್ಯಾಪಾರ ಮಾಡಬೇಕು, ಮತ್ತು ಅದಕ್ಕೆ ಮೊಬೈಲಿಗಿಂತ ತಕ್ಕದ್ದು ಇನ್ನೊಂದಿಲ್ಲ. ಜೊತೆಗೆ ಆ ದೇಶಗಳಲ್ಲಿ ಸ್ಥಿರ ದೂರವಾಣಿಯ ತಂತಿಗಳು ಎಂದೋ ಹಾಳಾಗಿರುತ್ತವೆ, ರಸ್ತೆ ಕೆಟ್ಟಿರುತ್ತದೆ, ಅಂಚೆ ಬರುವುದಿಲ್ಲ. ಊರಿಗೆ ಹೋಗಿ ತಾಯಿಯ ಆರೋಗ್ಯ ವಿಚಾರಿಸಲು ಎರಡು ದಿನದ ಅಪಾಯಕಾರಿ ಪ್ರಯಾಣ ಬೇಕೆನ್ನುವಾಗ, ಒಂದು ನಿಮಿಷದ ಕರೆಗೆ ಬಡವನೂ ಹಣ ಕೊಡುತ್ತಾನೆ.

ಒಂದು ಉದಾಹರಣೆ ಹೇಳುತ್ತೇನೆ. ಇರಾಕಿನಲ್ಲಿ ಸದ್ದಾಂ ಆಡಳಿತ ಬಿದ್ದ 2003ರಲ್ಲಿಯೇ ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ಪರವಾನಗಿಗಳನ್ನು ಹಂಚಲಾಯಿತು. 2007ರಲ್ಲಿ, ಬಾಗ್ದಾದಿನ ಬೀದಿಗಳಲ್ಲಿ ದಿನವೂ ಬಾಂಬು ಸಿಡಿಯುತ್ತಿದ್ದ ಕಾಲದಲ್ಲಿ, ಹದಿನೈದು ವರ್ಷದ ಪರವಾನಗಿಗಳ ಹರಾಜು ನಡೆದು ಮೂರು ಕಂಪನಿಗಳು ತಲಾ 125 ಕೋಟಿ ಡಾಲರ್ ಒಪ್ಪಿಕೊಂಡವು. ಅವರಿಗೆ ಬಾಂಬಿನ ಸದ್ದು ಕೇಳಿಸುತ್ತಿರಲಿಲ್ಲ ಎಂದಲ್ಲ. ಸುಡುವ ಟವರ್‌ಗಳಿಗೆ ಎಷ್ಟು, ಕಾವಲಿಗೆ ಎಷ್ಟು, ಡೀಸೆಲ್‌ಗೆ ಎಷ್ಟು ಎಂದು ಖರ್ಚಿನ ಪಟ್ಟಿಯಲ್ಲಿ ಬರೆದುಕೊಂಡೇ ಆ ಮೊತ್ತಕ್ಕೆ ಬಂದಿದ್ದರು.

ಸರ್ ಕೇಳಿದ ಎರಡನೆಯ ಪ್ರಶ್ನೆಗೆ, ಅಂದರೆ ಅಳಿಯನ ತರ್ಕಕ್ಕೆ, ನನ್ನ ಉತ್ತರ ಬೇರೆ ಇದೆ. ಮೊದಲು ಅಲ್ಲಿ ಕೆಲಸ ಮಾಡಿ ಬಂದವರು ಯಾರಾದರೂ ಇದ್ದರೆ ಬರೆಯಲಿ.

ನವನಗರ ಟವರ್

ನಾನು ಬರೆಯುತ್ತೇನೆ. 2010ರಿಂದ ಮೂರು ವರ್ಷ ನೈಜೀರಿಯಾದ ಉತ್ತರ ಭಾಗದ ಕಾನೊ ನಗರದಲ್ಲಿ ಟವರ್ ಸೈಟ್‌ಗಳ ಮೇಲ್ವಿಚಾರಕನಾಗಿದ್ದೆ. ಈಗ ಹುಬ್ಬಳ್ಳಿಯ ನವನಗರದಲ್ಲಿ ನನ್ನದೇ ಸಣ್ಣ ಇನ್ವರ್ಟರ್ ದುರಸ್ತಿ ಅಂಗಡಿ ಇದೆ.

ನಮ್ಮ ಕಡೆ ಟವರ್ ಎಂದರೆ ಹೆಸ್ಕಾಂ ವಿದ್ಯುತ್, ಅದು ಹೋದಾಗ ಬ್ಯಾಟರಿ, ಅದೂ ಇಳಿದಾಗ ಜನರೇಟರ್. ಅಲ್ಲಿ ಇದು ತಲೆಕೆಳಗು. ಒಂದೊಂದು ಸೈಟಿನಲ್ಲಿ ಎರಡು ಡೀಸೆಲ್ ಜನರೇಟರ್, ಒಂದು ಹಗಲಿಗೆ, ಒಂದು ರಾತ್ರಿಗೆ. ಆದ್ದರಿಂದ ನನ್ನ ಕೆಲಸದ ಹೆಚ್ಚಿನ ಪಾಲು ಸಿಗ್ನಲ್‌ಗೆ ಸಂಬಂಧಪಟ್ಟದ್ದೇ ಆಗಿರಲಿಲ್ಲ. ಟ್ಯಾಂಕಿಗೆ ಕಬ್ಬಿಣದ ಅಳತೆಕೋಲು ಇಳಿಸಿ, ಎಷ್ಟು ಸೆಂಟಿಮೀಟರ್ ಒದ್ದೆಯಾಗಿದೆ ಎಂದು ನೋಡಿ, ಜನರೇಟರ್ ಓಡಿದ ಗಂಟೆಗಳ ಲೆಕ್ಕದೊಂದಿಗೆ ತಾಳೆ ಹಾಕುವುದು. ತಾಳೆ ಎಂದೂ ಆಗುತ್ತಿರಲಿಲ್ಲ. ಟ್ಯಾಂಕರ್ ಚಾಲಕ ಸ್ವಲ್ಪ, ದಾರಿಯಲ್ಲಿ ತಡೆಯುವ ಪೊಲೀಸರು ಸ್ವಲ್ಪ, ಕಾವಲುಗಾರ ಸ್ವಲ್ಪ, ಹೀಗೆ ಎಲ್ಲರೂ ಅದರಲ್ಲಿ ಕೈ ಅದ್ದುತ್ತಿದ್ದರು. ಕೋಲು ಒಣಗಿದ್ದರೂ ಪುಸ್ತಕದಲ್ಲಿ ಟ್ಯಾಂಕು ತುಂಬಿರುತ್ತಿತ್ತು. ಆಡಳಿತ ಸರಿಯಿಲ್ಲದ ದೇಶದಲ್ಲಿ ವ್ಯಾಪಾರದ ವೆಚ್ಚ ಎಂದು ವರದಿಗಳಲ್ಲಿ ಬರೆಯುವುದು ನನ್ನ ಪಾಲಿಗೆ ಆ ಒಣ ಅಳತೆಕೋಲು.

ಬಂದೂಕಿನ ಮಾತಿಗೆ ಬರುತ್ತೇನೆ. ಸಿಮ್ ಕಂಪನಿಗಳು ತಮ್ಮವರ ಜಾಡನ್ನು ಸೈನ್ಯಕ್ಕೆ ತಿಳಿಸುತ್ತಿವೆ ಎಂದು ಅಲ್ಲಿಯ ಉಗ್ರರ ಗುಂಪು ಬೋಕೊ ಹರಾಂ ಮೊದಲೇ ಬೆದರಿಕೆ ಹಾಕಿತ್ತು. 2012ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮೈದುಗುರಿ, ಪೋತಿಸ್ಕುಂ, ಗೊಂಬೆ, ಬೌಚಿ, ಕಾನೊ ಹೀಗೆ ಉತ್ತರದ ಹಲವು ಊರುಗಳಲ್ಲಿ ಒಟ್ಟೊಟ್ಟಿಗೆ ಟವರ್‌ಗಳ ಮೇಲೆ ದಾಳಿಯಾಯಿತು. ಮರುದಿನ ಪೊಲೀಸ್ ಬೆಂಗಾವಲಿನಲ್ಲಿ ನಾನು ಒಂದು ಸೈಟಿಗೆ ಹೋದೆ. ಟವರ್ ಹಾಗೆಯೇ ನಿಂತಿತ್ತು, ಉಕ್ಕಿಗೆ ಏನೂ ಆಗಿರಲಿಲ್ಲ. ಆದರೆ ಕೆಳಗಿನ ಉಪಕರಣಗಳ ಕಪಾಟು ಕರಗಿ, ಕೇಬಲ್‌ನ ಕಪ್ಪು ಹೊದಿಕೆ ಮೇಣದ ಹಾಗೆ ಹನಿ ಹನಿಯಾಗಿ ಇಳಿದು ಗಟ್ಟಿಯಾಗಿತ್ತು. ಗೇಟಿನ ಪಕ್ಕ ಕಾವಲುಗಾರ (ಅಲ್ಲಿಯ ಹೌಸಾ ಮಾತಿನಲ್ಲಿ ಮೈ-ಗಾಡಿ) ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ತಂಬಿಗೆ ಸುಟ್ಟು ಮುದ್ದೆಯಾಗಿ ಬಿದ್ದಿತ್ತು. ಅವನು ಗೋಡೆ ಹಾರಿ ಜೀವ ಉಳಿಸಿಕೊಂಡಿದ್ದ.

ಇಪ್ಪತ್ತು ದಿನಗಳಲ್ಲಿ ಹೊಸ ಕಪಾಟು ಬಂತು, ವಿಮೆಯ ಫೋಟೊ ತೆಗೆದರು, ಸೈಟ್ ಮತ್ತೆ ಚಾಲೂ ಆಯಿತು. ಮೈ-ಗಾಡಿ ಮಾತ್ರ ವಾಪಸ್ ಬರಲಿಲ್ಲ. ಅವನು ಫೋನ್ ಕಂಪನಿಯ ನೌಕರನಲ್ಲ, ಟವರ್ ನಿರ್ವಹಿಸುವವರ ನೌಕರನೂ ಅಲ್ಲ, ಅವರಿಂದ ಗುತ್ತಿಗೆ ಪಡೆದವನ ಕೈಕೆಳಗಿನ ಇನ್ನೊಬ್ಬ ಗುತ್ತಿಗೆದಾರನ ಆಳು. ಅವನ ಕಳೆದ ತಿಂಗಳ ಸಂಬಳ ಯಾರು ಕೊಡಬೇಕೆಂದು ನಾನು ಮೂರು ಕಡೆ ಕೇಳಿದೆ. ಮೂವರೂ ಇನ್ನೊಬ್ಬರತ್ತ ಕೈ ತೋರಿಸಿದರು. ನನ್ನ ಗುತ್ತಿಗೆದಾರ ಕೂಡ "ಪರಿಸ್ಥಿತಿ ಸರಿಯಿಲ್ಲ" ಎಂದು ನಮ್ಮೆಲ್ಲರ ಎರಡು ತಿಂಗಳ ಸಂಬಳ ಹಿಡಿದಿಟ್ಟುಕೊಂಡ.

ಮಾಸ್ತರರೇ, ನಿಮ್ಮ ಅಳಿಯನಿಗೆ ಇದನ್ನು ಓದಿ ಹೇಳಿ. ಕಂಪನಿಯ ಅಂಜಿಕೆ ಬೇರೆ, ನಮ್ಮ ಅಂಜಿಕೆ ಬೇರೆ.

ಗದಗ ಲೆಕ್ಕಪತ್ರ

ನವನಗರದ ಅಣ್ಣಾವರು ಹೇಳಿದ್ದನ್ನೇ ನಾನು ಲೆಕ್ಕದ ಭಾಷೆಯಲ್ಲಿ ಹೇಳಬೇಕೆಂದಿದ್ದೆ. ಅಪಾಯ ಕರಗಿ ಮಾಯವಾಗುವುದಿಲ್ಲ, ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತದೆ. ಬಂಡವಾಳ ಹಾಕಿದವನು ಮೊದಲು ದಾಟಿಸುತ್ತಾನೆ. ವಿಶ್ವಬ್ಯಾಂಕಿನ ಬಳಗದಲ್ಲಿ ಮಿಗಾ ಎಂಬ ಸಂಸ್ಥೆ 1988ರಿಂದ ಇದೆ. ಯುದ್ಧ, ಗಲಭೆ, ಸರ್ಕಾರ ಆಸ್ತಿ ವಶಪಡಿಸಿಕೊಳ್ಳುವುದು, ಹಣವನ್ನು ದೇಶದಿಂದ ಹೊರಗೆ ಒಯ್ಯಲಾಗದಿರುವುದು ಇಂಥ ನಷ್ಟಗಳಿಗೆ ಹೂಡಿಕೆದಾರರಿಗೆ ಖಾತರಿ ಕೊಡುವುದೇ ಅದರ ಕೆಲಸ. ಇಥಿಯೋಪಿಯಾದಲ್ಲಿ ಟಿಗ್ರೆ ಯುದ್ಧ ನಡೆಯುತ್ತಿದ್ದ 2021ರಲ್ಲಿ, ಕೀನ್ಯಾದ ಸಫಾರಿಕಾಂ ಮುಂದಾಳತ್ವದ ಗುಂಪು 85 ಕೋಟಿ ಡಾಲರ್ ಕೊಟ್ಟು ಪರವಾನಗಿ ಪಡೆಯಿತು. ಆ ಹೂಡಿಕೆಗೆ ಮಿಗಾ 2023ರಲ್ಲಿ 100 ಕೋಟಿ ಡಾಲರಿನ ಖಾತರಿ ನೀಡಿತು. ಸುಟ್ಟ ಸೈಟಿನ ಮೈ-ಗಾಡಿಗೆ ಅಂಥ ಮಿಗಾ ಎಲ್ಲಿದೆ?

ಟವರ್‌ಗಳದ್ದೂ ಇದೇ ಕಥೆ. ಆಫ್ರಿಕಾದ ಹಲವು ಫೋನ್ ಕಂಪನಿಗಳು ತಮ್ಮ ಟವರ್‌ಗಳನ್ನು ಬೇರೆ ಕಂಪನಿಗಳಿಗೆ ಮಾರಿ, ಅವನ್ನೇ ಬಾಡಿಗೆಗೆ ಪಡೆದಿವೆ. ಡೀಸೆಲ್, ಕಳ್ಳತನ, ಕಾವಲು ಎಲ್ಲವೂ ಟವರ್ ಕಂಪನಿಯ ತಲೆನೋವಾಯಿತು. ಟವರ್ ಕಂಪನಿಯವರು ಅದನ್ನು ಗುತ್ತಿಗೆದಾರರಿಗೆ ಹೊರಿಸಿದರು. ಸರಪಳಿಯ ಕೊನೆಯ ಕೊಂಡಿಗೆ ದಾಟಿಸಲು ಯಾರೂ ಉಳಿದಿರುವುದಿಲ್ಲ.

ಅಣ್ಣಿಗೇರಿ ಹೊಲ

ನೀವೆಲ್ಲ ಆಫ್ರಿಕಾದ ಮಾತು ಆಡುತ್ತಿದ್ದೀರಿ, ನಾನು ಅಣ್ಣಿಗೇರಿಯದನ್ನು ಹೇಳುತ್ತೇನೆ. 2009ರಲ್ಲಿ ನಮ್ಮ ಎರಿ ಹೊಲದ ಮೂಲೆಯಲ್ಲಿ ಒಂದು ಟವರ್ ಕಟ್ಟಿದರು. ತಿಂಗಳ ಬಾಡಿಗೆ ಕರಾರು ಹತ್ತು ವರ್ಷಕ್ಕೆ. ಆ ಬಾಡಿಗೆಯನ್ನು ನಂಬಿ ನಮ್ಮ ತಂದೆ ಮಗಳ ಮದುವೆಗೆ ಸಾಲ ಮಾಡಿದರು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟು 2ಜಿ ಪ್ರಕರಣದಲ್ಲಿ 122 ಪರವಾನಗಿಗಳನ್ನು ರದ್ದು ಮಾಡಿತು. ಆ ಟವರ್ ಬಳಸುತ್ತಿದ್ದ ಕಂಪನಿ ಆ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿ ಹಲವು ಕಂಪನಿಗಳಿದ್ದವು, ನಮ್ಮದು ಯಾವುದು ಎಂದು ಹೇಳುವ ಇಚ್ಛೆ ನನಗಿಲ್ಲ. ಒಂದು ವರ್ಷದೊಳಗೆ ಬಾಡಿಗೆ ನಿಂತಿತು. ಉಪಕರಣ ಬಿಚ್ಚಿಕೊಂಡು ಹೋದರು, ಉಕ್ಕು ಮಾತ್ರ ನಾಲ್ಕು ವರ್ಷ ಹಾಗೆಯೇ ನಿಂತಿತ್ತು. ಕಡಲೆ ಬಿತ್ತುವಾಗ ಅದರ ಬುಡ ಸುತ್ತಿ ಕೂರಿಗೆ ಹೊಡೆಯಬೇಕಾಗುತ್ತಿತ್ತು.

ಇಲ್ಲಿ ಯಾರೂ ಗುಂಡು ಹಾರಿಸಿರಲಿಲ್ಲ, ಯಾರೂ ಟವರ್ ಸುಟ್ಟಿರಲಿಲ್ಲ. ಬರೀ ಕಾಗದ. ಹಂಚಿಕೆಯಲ್ಲಿ ಅನ್ಯಾಯವಾಗಿತ್ತು, ಕೋರ್ಟು ಮಾಡಿದ್ದು ಸರಿಯೇ ಎಂದು ನಾನೂ ಒಪ್ಪುತ್ತೇನೆ. ಆದರೆ ಹಂಚಿದವರ ತಪ್ಪಿಗೆ ನಮ್ಮ ತಂದೆ ಬಡ್ಡಿ ಕಟ್ಟಿದರು.

ಗದಗ ಲೆಕ್ಕಪತ್ರ

ಅಣ್ಣಿಗೇರಿಯವರೇ, ಈ ಚರ್ಚೆಗೆ ಬೇಕಾಗಿದ್ದ ತಿರುವನ್ನು ನೀವು ಕೊಟ್ಟಿರಿ. ಇಂಥ ದೇಶಗಳಲ್ಲಿ ಕಂಪನಿಗಳಿಗೆ ಬಿದ್ದ ದೊಡ್ಡ ಪೆಟ್ಟುಗಳನ್ನು ಒಂದೆಡೆ ಬರೆದು ನೋಡಿದರೆ, ಅವುಗಳಲ್ಲಿ ಬಂದೂಕಿನ ಪಾಲು ಚಿಕ್ಕದು, ಲೇಖನಿಯ ಪಾಲು ದೊಡ್ಡದು.

2015ರಲ್ಲಿ ನೈಜೀರಿಯಾದ ನಿಯಂತ್ರಣ ಆಯೋಗವು ದಕ್ಷಿಣ ಆಫ್ರಿಕಾದ ಎಂಟಿಎನ್ ಕಂಪನಿಗೆ 520 ಕೋಟಿ ಡಾಲರ್ ದಂಡ ಹಾಕಿತು. ನೋಂದಣಿ ಸರಿಯಿಲ್ಲದ 50 ಲಕ್ಷಕ್ಕೂ ಹೆಚ್ಚು ಸಿಮ್‌ಗಳನ್ನು ಗಡುವಿನೊಳಗೆ ಬಂದ್ ಮಾಡಲಿಲ್ಲ ಎಂಬುದು ಕಾರಣ. ಒಂದೊಂದು ಸಿಮ್ಮಿಗೆ 2 ಲಕ್ಷ ನೈರಾ (ಅಲ್ಲಿಯ ನಾಣ್ಯ). ಬೋಕೊ ಹರಾಂ ಬೇನಾಮಿ ಸಿಮ್‌ಗಳನ್ನು ಬಳಸುತ್ತಿದೆ ಎಂಬ ಆತಂಕ ಇದರ ಹಿಂದಿತ್ತು, ಆದ್ದರಿಂದ ದಂಡವೇ ಅನ್ಯಾಯ ಎನ್ನಲಾಗದು. ಆದರೆ ತಿಂಗಳುಗಟ್ಟಲೆ ಚೌಕಾಸಿ ನಡೆದು 2016ರ ಜೂನ್‌ನಲ್ಲಿ ಮೊತ್ತ 33,000 ಕೋಟಿ ನೈರಾಗೆ, ಅಂದರೆ ಮೊದಲು ಹೇಳಿದ್ದರ ಮೂರನೆಯ ಒಂದಕ್ಕಿಂತ ಕಡಿಮೆಗೆ ಇಳಿಯಿತು. ನಿಯಮ ಪುಸ್ತಕದಲ್ಲಿದೆಯೋ ಚೌಕಾಸಿಯಲ್ಲಿದೆಯೋ ತಿಳಿಯದಿದ್ದರೆ ಯಾವ ಲೆಕ್ಕಪರಿಶೋಧಕರೂ ಮುಂದಿನ ವರ್ಷದ ಅಂದಾಜು ಬರೆಯಲಾರರು. ಸುಡುವ ಟವರ್‌ಗಳಿಗೆ ಅಂದಾಜು ಬರೆಯಬಹುದು, ಇದಕ್ಕೆ ಸಾಧ್ಯವಿಲ್ಲ.

ಇನ್ನೊಂದು ಬಗೆಯ ಲೇಖನಿ ಉಜ್ಬೇಕಿಸ್ತಾನದ್ದು. ಅಲ್ಲಿ ಪರವಾನಗಿ ಮತ್ತು ತರಂಗಾಂತರ ಪಡೆಯಲು ಆಗಿನ ಅಧ್ಯಕ್ಷರ ಮಗಳು ಗುಲ್ನಾರಾ ಕರಿಮೊವಾಗೆ ಸಂಬಂಧಿಸಿದ ಸಂಸ್ಥೆಗೆ ಲಂಚ ಹರಿಯಿತು. ಮುಂದೆ, ಅಲ್ಲಿ ವ್ಯವಹಾರ ಮಾಡಿದ ಹೊರದೇಶದ ಮೊಬೈಲ್ ಕಂಪನಿಗಳಾದ ವಿಂಪೆಲ್‌ಕಾಂ 2016ರಲ್ಲಿ 79.5 ಕೋಟಿ ಡಾಲರ್, ಟೆಲಿಯಾ 2017ರಲ್ಲಿ 96.5 ಕೋಟಿ ಡಾಲರ್, ಎಂಟಿಎಸ್ 2019ರಲ್ಲಿ 85 ಕೋಟಿ ಡಾಲರ್ ದಂಡ ತೆತ್ತು ಪ್ರಕರಣ ಮುಗಿಸಿಕೊಂಡವು. ಉಜ್ಬೇಕಿಸ್ತಾನದಲ್ಲಿ ಆಗ ಯುದ್ಧವಿರಲಿಲ್ಲ, ಬೀದಿಗಳು ಶಾಂತವಾಗಿದ್ದವು. ಬೇಲಿಯೇ ಎದ್ದು ಹೊಲ ಮೇಯುವ ದೇಶಕ್ಕೆ ಹೊರಗಿನ ಕಳ್ಳರು ಬೇಕಾಗುವುದಿಲ್ಲ.

ಮೂರನೆಯದು ನಾಣ್ಯ. ಗಿರಾಕಿ ಕೊಡುವುದು ನೈರಾದಲ್ಲಿ. ಉಪಕರಣ ಕೊಳ್ಳುವುದು, ಸಾಲ ತೀರಿಸುವುದು ಡಾಲರಿನಲ್ಲಿ. 2023ರ ಜೂನ್‌ನಿಂದ ನೈರಾ ಕುಸಿದಾಗ ಏರ್‌ಟೆಲ್ ಆಫ್ರಿಕಾ 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 8.9 ಕೋಟಿ ಡಾಲರ್ ನಷ್ಟ ತೋರಿಸಿತು. ಗಿರಾಕಿಗಳೇನೂ ಕಡಿಮೆಯಾಗಿರಲಿಲ್ಲ.

ಬ್ಯಾಡಗಿ ಅಂಗಡಿ

ಅಕ್ಕಾವರ ಮಾತಿನಿಂದ ನನಗೆ ಒಂದು ಅನುಮಾನ ಹುಟ್ಟಿದೆ. ಲೇಖನಿಯೇ ಬಂದೂಕಿಗಿಂತ ಕೆಟ್ಟದ್ದಾದರೆ, ಸರ್ಕಾರವೇ ಇಲ್ಲದ ಕಡೆ ವ್ಯಾಪಾರ ಇನ್ನೂ ಚೆನ್ನಾಗಿ ನಡೆಯಬೇಕಲ್ಲವೇ? ಸೋಮಾಲಿಯಾದಲ್ಲಿ 1991ರಲ್ಲಿ ಸರ್ಕಾರವೇ ಕುಸಿದು ಬಿದ್ದರೂ ಫೋನ್ ಬಹಳ ಅಗ್ಗವಾಗಿತ್ತು ಎಂದು ಓದಿದ್ದೇನೆ. ನಾವು ಮೆಣಸಿನಕಾಯಿ ವ್ಯಾಪಾರದವರು ಎಪಿಎಂಸಿ ಶುಲ್ಕ, ಜಿಎಸ್‌ಟಿ ಎಂದು ದಿನವೂ ಗೊಣಗುವವರು; ನಮಗೆ ಇದು ಕೇಳಲು ಹಿತವಾಗಿದೆ.

ಕೆ.ಸಿ.ಡಿ. ಹಳೆಯ ವಿದ್ಯಾರ್ಥಿ

ಬ್ಯಾಡಗಿಯ ಕಾಕಾ, ಹಿತವಾಗಿರುವುದು ಅರ್ಧ ಕಥೆ ಮಾತ್ರ. ನಾನು ಸ್ನಾತಕೋತ್ತರ ಪದವಿಗೆ ಇದೇ ವಿಷಯದ ಮೇಲೆ ಪ್ರಬಂಧ ಬರೆದಿದ್ದೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸೋಮಾಲಿಯಾದಲ್ಲಿ ಪರವಾನಗಿ ಶುಲ್ಕವಿರಲಿಲ್ಲ, ತರಂಗಾಂತರ ಹರಾಜು ಇರಲಿಲ್ಲ, ದರ ನಿಜಕ್ಕೂ ಅಗ್ಗವಾಗಿತ್ತು. 2002ರಲ್ಲಿ ಹುಟ್ಟಿದ ಹೊರ್ಮೂದ್ ಕಂಪನಿ 2011ರಲ್ಲಿ ಇವಿಸಿ ಪ್ಲಸ್ ಎಂಬ ಮೊಬೈಲ್ ಹಣದ ಸೇವೆಯನ್ನು ಆರಂಭಿಸಿತು. ಉತ್ತರದ ಸೋಮಾಲಿಲ್ಯಾಂಡಿನಲ್ಲಿ ಟೆಲೆಸಂ ಕಂಪನಿಯ ಝಾದ್ 2009ರಲ್ಲೇ ಬಂದಿತ್ತು. ಎರಡೂ ಬಹುಮಟ್ಟಿಗೆ ನಡೆಯುವುದು ಅಮೆರಿಕದ ಡಾಲರಿನಲ್ಲಿ, ಏಕೆಂದರೆ ದೇಶದ ಶಿಲ್ಲಿಂಗ್ ನೋಟಿನ ಮೇಲೆ ಜನರಿಗೆ ನಂಬಿಕೆ ಇಲ್ಲ. ಹದಿನಾರು ದಾಟಿದ ಸೋಮಾಲಿಗಳಲ್ಲಿ ಸುಮಾರು 73 ಪ್ರತಿಶತ ಜನ ಮೊಬೈಲ್ ಹಣ ಬಳಸುತ್ತಾರೆ ಎಂದು ವಿಶ್ವಬ್ಯಾಂಕ್ ಹೇಳಿದೆ. ಇದು ಸಾಧನೆಯೇ.

ಆದರೆ ನಿಯಂತ್ರಕರಿಲ್ಲದ ಕಾರಣ ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದು ಕಂಪನಿಗೆ ಕರೆ ಹೋಗದ ಸ್ಥಿತಿ ವರ್ಷಗಟ್ಟಲೆ ಇತ್ತು. ಜನ ಎರಡು ಮೂರು ಫೋನ್ ಹಿಡಿದು ಓಡಾಡುತ್ತಿದ್ದರು. ಗಿರಾಕಿಯ ಹಣಕ್ಕೆ ಕಂಪನಿಯ ಮಾತಿನ ಹೊರತು ಬೇರೆ ಭದ್ರತೆ ಇರಲಿಲ್ಲ. ಅಲ್-ಬರಕಾತ್ ಎಂಬ ದೊಡ್ಡ ಹಣ ರವಾನೆ ಮತ್ತು ದೂರವಾಣಿ ಸಂಸ್ಥೆಯ ಆಸ್ತಿಯನ್ನು 2001ರ ನವೆಂಬರ್‌ನಲ್ಲಿ ಅಮೆರಿಕ ಸ್ಥಗಿತಗೊಳಿಸಿದಾಗ, ಅಲ್ಲಿ ಹಣ ಇಟ್ಟಿದ್ದ ಬಡವರ ಪರ ವಾದಿಸಲು ಬಲವುಳ್ಳ ಒಂದು ಸರ್ಕಾರವೇ ಇರಲಿಲ್ಲ. 2014ರ ಜನವರಿಯಲ್ಲಿ ಹದಿನೈದು ದಿನದೊಳಗೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಬೇಕೆಂದು ಅಲ್-ಶಬಾಬ್ ಎಂಬ ಉಗ್ರರ ಗುಂಪು ಆಜ್ಞೆ ಹೊರಡಿಸಿತು. ಸರ್ಕಾರಕ್ಕೆ ಬಲವಿಲ್ಲದಿದ್ದರೂ ಆಜ್ಞೆ ಹೊರಡಿಸುವವರಿಗೆ ಬರವಿಲ್ಲ. ಕೊನೆಗೆ 2017ರಲ್ಲಿ ಆ ದೇಶ ಸಂಪರ್ಕ ಕಾಯ್ದೆ ಮಾಡಿಕೊಂಡು ಮರುವರ್ಷ ನಿಯಂತ್ರಣ ಸಂಸ್ಥೆ ಕಟ್ಟಿತು.

ಹೂಡಿಕೆಯಿಂದ ಒಳ್ಳೆಯದಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಅಫ್ಘಾನಿಸ್ತಾನದಲ್ಲಿ ಆಗಾ ಖಾನ್ ನಿಧಿ ಪ್ರಧಾನ ಪಾಲುದಾರನಾಗಿ 2003ರಲ್ಲಿ ಆರಂಭಿಸಿದ ರೋಶನ್ ಕಂಪನಿಯ ಒಂದು ಪ್ರಸಂಗ ನನಗೆ ಬಹಳ ಇಷ್ಟ. 2009ರಲ್ಲಿ ವಾರ್ದಕ್ ಪ್ರಾಂತ್ಯದ ಕೆಲವು ಪೊಲೀಸರಿಗೆ ಪ್ರಯೋಗವಾಗಿ ಫೋನ್ ಮೂಲಕ ಸಂಬಳ ಕಳಿಸಿದರು. ಸಂಬಳ ಏರಿದೆ ಎಂದು ಅವರು ಹಿಗ್ಗಿದರು. ಏರಿರಲಿಲ್ಲ, ಮೇಲಧಿಕಾರಿಗಳು ನಡುವೆ ಕತ್ತರಿಸಿಕೊಳ್ಳುತ್ತಿದ್ದ ಪಾಲು ಮೊದಲ ಸಲ ಅವರ ಕೈಗೇ ಬಂದಿತ್ತು. ಪಟ್ಟಿಯಲ್ಲಿದ್ದು ಭೂಮಿಯ ಮೇಲೆ ಇಲ್ಲದ ಪೊಲೀಸರೂ ಆಗಲೇ ಪತ್ತೆಯಾದರು.

ಅದೇ ದೇಶದಲ್ಲಿ 2008ರಲ್ಲಿ ರಾತ್ರಿ ಹೊತ್ತು ಜಾಲ ಬಂದ್ ಮಾಡಬೇಕೆಂದು ತಾಲಿಬಾನ್ ಕಂಪನಿಗಳಿಗೆ ತಾಕೀತು ಮಾಡಿ, ಕೇಳದಿದ್ದಾಗ ಟವರ್ ಸುಟ್ಟಿತು. ಸುಡದಂತೆ ಉಳಿಯಲು ಏನು ಕೊಡಬೇಕಾಗುತ್ತದೆ ಎಂಬುದೇ ನಾವು ಇನ್ನೂ ಮುಟ್ಟದ ಪ್ರಶ್ನೆ. ರಕ್ಷಣೆಯ ಹೆಸರಿನಲ್ಲಿ ತಾಲಿಬಾನಿಗೆ ಹಣ ಹೋಗಿದೆ ಎಂದು ಆರೋಪಿಸಿ, ಸತ್ತ ಅಮೆರಿಕನ್ ಸೈನಿಕರ ಕುಟುಂಬಗಳು 2019ರ ಡಿಸೆಂಬರ್‌ನಲ್ಲಿ ಎಂಟಿಎನ್ ಸೇರಿ ಹಲವು ಕಂಪನಿಗಳ ಮೇಲೆ ದಾವೆ ಹೂಡಿದವು. ಅದು ಆರೋಪ. ಆದರೆ ಇರಾಕಿನಲ್ಲಿ ಐಸಿಸ್ ಹಿಡಿತದ ಪ್ರದೇಶಗಳ ಮೂಲಕ ಸಾಮಾನು ಸಾಗಿಸಲು ಅನುಮಾನಾಸ್ಪದ ಪಾವತಿಗಳು ನಡೆದದ್ದು ತನ್ನದೇ ಆಂತರಿಕ ತನಿಖೆಯಲ್ಲಿ ಕಂಡಿತ್ತು ಎಂದು ಜಾಲದ ಉಪಕರಣ ತಯಾರಿಸುವ ಸ್ವೀಡನ್ನಿನ ಎರಿಕ್ಸನ್ 2022ರಲ್ಲಿ ಒಪ್ಪಿಕೊಂಡಿತು. ದೊಡ್ಡ ಕಚೇರಿಯಲ್ಲಿ ಕೂತವರು ಕಣ್ಣು ಮುಚ್ಚಿಕೊಳ್ಳಬಹುದು, ಲಾರಿಯ ಜೊತೆಗೆ ಹೋಗುವವನು ಮುಚ್ಚಿಕೊಳ್ಳಲಾಗುವುದಿಲ್ಲ.

ಕೊನೆಯದಾಗಿ ಹೊರಡುವ ಮಾತು. ನಾರ್ವೆಯ ಟೆಲಿನಾರ್ ಮ್ಯಾನ್ಮಾರಿಗೆ ಹೋದಾಗ, ಹಿಂದೆ ಸಾವಿರಾರು ಡಾಲರ್ ಬೆಲೆಯಿದ್ದ ಸಿಮ್ 2014ರಲ್ಲಿ ಸುಮಾರು ಒಂದೂವರೆ ಡಾಲರಿಗೆ ಸಿಕ್ಕಿತು. 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಹಿಡಿದು ಕರೆ ಕದ್ದಾಲಿಸುವ ಉಪಕರಣ ಚಾಲೂ ಮಾಡುವಂತೆ ಒತ್ತಡ ತಂದಿತು. ಟೆಲಿನಾರ್ ಅದನ್ನು ಒಪ್ಪಲಾಗದೆ ವ್ಯವಹಾರವನ್ನು 10.5 ಕೋಟಿ ಡಾಲರಿಗೆ ಮಾರಿ 2022ರ ಮಾರ್ಚ್‌ನಲ್ಲಿ ಹೊರಟಿತು. ಆದರೆ ಸುಮಾರು 1.8 ಕೋಟಿ ಗಿರಾಕಿಗಳು ಯಾರಿಗೆ ಯಾವಾಗ ಕರೆ ಮಾಡಿದರು ಎಂಬ ದಾಖಲೆ ಅದರೊಂದಿಗೆ ನಾರ್ವೆಗೆ ಹೋಗಲಿಲ್ಲ, ಹೊಸ ಮಾಲೀಕರ ಕೈಗೆ ಹೋಯಿತು. ಒಳಗೆ ಹೋಗುವಾಗ ಮಾಡುವ ಲೆಕ್ಕದಲ್ಲಿ ಹೊರಗೆ ಬರುವ ದಿನದ ಲೆಕ್ಕವೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಈ ಮಾತನ್ನು ನನ್ನ ಮಾರ್ಗದರ್ಶಕರು ಭಾವುಕವಾಯಿತು ಎಂದು ಪ್ರಬಂಧದಿಂದ ತೆಗೆಸಿದ್ದರು.

ಗೋಕುಲ ರೋಡ್

ಮೊದಲು ಒಂದೇ ಸಾಲಿನಲ್ಲಿ ಉತ್ತರ ಹೇಳಿ ಮುಗಿಸಿದ್ದಕ್ಕೆ ಕ್ಷಮೆ ಇರಲಿ. ಹುಡುಗನನ್ನು ಕಳಿಸಿಕೊಡಿ ಎಂದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಕಳಿಸಬೇಡಿ ಎಂದೂ ಹೇಳಲಾರೆ. ಇಲ್ಲಿ ಅವನಿಗೆ ಏನು ಸಂಬಳ ಬರುತ್ತದೆ ಎಂಬುದು ನನಗೆ ಗೊತ್ತು.

ಸಪ್ತಾಪುರದ ನಿವೃತ್ತ

ಎಲ್ಲರಿಗೂ ಕೃತಜ್ಞತೆಗಳು. ಒಂದು ವಿಷಯ ನನಗೆ ಸ್ಪಷ್ಟವಾಗಿದೆ: ಕಂಪನಿಯ ಹಣ ಅಲ್ಲಿ ಕ್ಷೇಮವಾಗಿರುವುದು ಆ ದೇಶ ಕ್ಷೇಮವಾಗಿರುವುದರಿಂದಲ್ಲ. ಹಾಗಾಗಿ ಅಳಿಯನ ತರ್ಕ ನಿಲ್ಲುವುದಿಲ್ಲ. ನವನಗರದ ತಮ್ಮಂದಿರಲ್ಲಿ ಒಂದು ಕೋರಿಕೆ: ಗುತ್ತಿಗೆದಾರರಿಗೆ ಅವನು ಏನೇನು ಕೇಳಬೇಕು?

ನವನಗರ ಟವರ್

ಮಾಸ್ತರರೇ, ದೇಶದ ಹೆಸರಿಗಿಂತ ಊರಿನ ಹೆಸರು ಮುಖ್ಯ. ಕಾಂಗೊ ಎಂದರೆ ಬಹಳ ದೊಡ್ಡದು. ಕಿನ್ಶಾಸಾದಿಂದ ಗೋಮಾ ನೇರ ಗೆರೆ ಎಳೆದರೂ ಸಾವಿರದೈನೂರು ಕಿಲೋಮೀಟರಿನ ಮೇಲೆ. ಕೆಲಸದ ಊರು ಯಾವುದು, ಅದನ್ನು ಬದಲಿಸುವ ಹಕ್ಕು ಯಾರಿಗಿದೆ ಎಂಬುದನ್ನು ಕಾಗದದ ಮೇಲೆ ಕೇಳಬೇಕು. ಸಂಬಳ ಯಾವ ನಾಣ್ಯದಲ್ಲಿ ಮತ್ತು ಯಾವ ದೇಶದ ಖಾತೆಗೆ ಬರುತ್ತದೆ ಎಂಬುದನ್ನೂ ಕೇಳಬೇಕು. ಪಾಸ್‌ಪೋರ್ಟನ್ನು "ಕಚೇರಿಯಲ್ಲಿ ಜೋಪಾನವಾಗಿ ಇಡುತ್ತೇವೆ" ಎಂದರೆ ಕೊಡಬಾರದು, ಅದರ ನಕಲು ಕೊಟ್ಟರೆ ಸಾಕು. ಎಲ್ಲಕ್ಕಿಂತ ಮೇಲಾಗಿ, ಗಲಾಟೆಯಾಗಿ ಕೆಲಸ ನಿಂತರೆ ವಾಪಸ್ ಬರುವ ವಿಮಾನದ ಟಿಕೆಟ್ ಯಾರು ಕೊಡುತ್ತಾರೆ ಎಂದು ಕೇಳಲಿ. ಸುಡಾನಿನಲ್ಲಿ 2024ರ ಫೆಬ್ರುವರಿಯಲ್ಲಿ ದೇಶದ ಮೂರೂ ದೊಡ್ಡ ಜಾಲಗಳು ಒಟ್ಟಿಗೆ ಸತ್ತು ಹೋಗಿದ್ದವು. ಅಂಥ ದಿನ ಮನೆಗೆ ಫೋನ್ ಕೂಡ ಬರುವುದಿಲ್ಲ ಎಂದು ಅವನ ತಾಯಿಗೆ ಮೊದಲೇ ಹೇಳಿಡಿ.

ಸಪ್ತಾಪುರದ ನಿವೃತ್ತ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಅಳಿಯ ಈ ಪ್ರಶ್ನೆಗಳನ್ನೆಲ್ಲ ಗುತ್ತಿಗೆದಾರರಿಗೆ ಕಳಿಸಿದ. ಊರು ಕಾಂಗೊದ ದಕ್ಷಿಣ ತುದಿಯ ಲುಬುಂಬಾಶಿ ಎಂದು ಉತ್ತರ ಬಂತು. ಸಂಬಳ ಡಾಲರಿನಲ್ಲಿ, ಹುಬ್ಬಳ್ಳಿಯ ಖಾತೆಗೇ ಬರುತ್ತದೆ ಎಂದರು. ಪಾಸ್‌ಪೋರ್ಟಿನ ವಿಷಯಕ್ಕೂ ಒಪ್ಪಿದರು. ವಾಪಸ್ ಟಿಕೆಟಿನ ಪ್ರಶ್ನೆಗೆ ಮಾತ್ರ "ಅಂಥ ಸಂದರ್ಭ ಅಲ್ಲಿ ಬರುವುದಿಲ್ಲ" ಎಂದು ಒಂದೇ ಸಾಲು ಬರೆದಿದ್ದಾರೆ.

ಅಳಿಯ ಅದನ್ನು ಅಡುಗೆಮನೆಯಲ್ಲಿ ನಿಂತು ಅಕ್ಕನಿಗೆ ಓದಿ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬರೂದಿಲ್ಲ ಅಂದ್ರ ಟಿಕೆಟ್ ಕೊಡ್ತೀವಿ ಅಂತ ಬರಕೊಡ್ಲಿಕ್ಕೆ ಅವರಿಗೇನ್ ಖರ್ಚು? ಬರಕೊಡ್ಲಿ" ಎಂದಳು. ಅವನ ಪಾಸ್‌ಪೋರ್ಟ್ ಸದ್ಯ ಅವಳ ಟ್ರಂಕಿನಲ್ಲಿದೆ.